ಮುನಿಸಿನ ಬೀಗ

ಮೈದುನ ಅಂಗಡಿಯ ಮುಂದೆ ಬಂದು ನಿಂತಾಗ ಬೀಗದವಳು ಯಾರದೋ ಸ್ಕೂಟರಿನ ಕೀಲಿಯನ್ನು ಅರದಿಂದ ಉಜ್ಜುತ್ತಿದ್ದಳು. ಹನ್ನೊಂದು ವರ್ಷಗಳಲ್ಲಿ ಅವನು ಈ ಬೀದಿಯಲ್ಲಿ ಎಷ್ಟೋ ಸಲ ಹಾದುಹೋಗಿದ್ದ. ಪ್ರತಿ ಸಲವೂ ಎದುರಿನ ಗೋಡೆಯ ಮೇಲೆ ಏನೋ ಬರೆದಿದೆ ಎನ್ನುವ ಹಾಗೆ ಅತ್ತಲೇ ನೋಡುತ್ತ ಹೋಗಿದ್ದ. ಇವತ್ತು ಇತ್ತ ನೋಡಿದ.

"ಅತ್ತಿಗೆ, ಪೆಟ್ಟಿಗೆ ತೆಗೀತಿಲ್ಲ."

ಅವಳು ತಲೆ ಎತ್ತಲಿಲ್ಲ. "ಯಾವ ಪೆಟ್ಟಿಗೆ?"

"ಗೊತ್ತಿಲ್ದೇ ಕೇಳ್ತೀರಾ? ಹೆಸರಿನ ಪುಸ್ತಕ ಇರೋದು. ಬೆಳಿಗ್ಗೆ ಅಪ್ಪ ಕೀಲಿ ತಿರುಗಿಸಿದ್ರು, ಟಕ್ ಅಂತು, ಅಷ್ಟೇ. ನಾನೂ ತಿರುಗಿಸ್ದೆ, ಊಹೂಂ. ಪಾಪುಗೆ ಇವತ್ತು ಹೆಸರಿಡ್ಬೇಕು. ನನ್ನ ಹೆಂಡ್ತಿ ಮನೆಯವರೆಲ್ಲ ಬಂದು ಕೂತಿದ್ದಾರೆ. ಬೀಗ ಮಾಡೋರ ಮನೇಲಿ, ಬೀಗರ ಮುಂದೆ, ಬೀಗ ತೆಗೆಯಕ್ಕಾಗಲ್ಲ ಅಂದ್ರೆ ಏನ್ ಮರ್ಯಾದೆ ಉಳೀತು ಹೇಳಿ!"

"ಗ್ಯಾಸ್ ಕಟರ್ ಹಚ್ಚಿ ಕತ್ತರಿಸ್ಬೇಕಿತ್ತು."

"ಒಳಗಿರೋ ಪುಸ್ತಕ ಕರಕಲಾಗಲ್ವಾ?"

ಅವಳು ಕೀಲಿಯ ಮೇಲಿನ ಹಿತ್ತಾಳೆ ಪುಡಿಯನ್ನು ಊದಿದಳು. ಈ ಮಾತಿಗಾಗಿ ಹನ್ನೊಂದು ವರ್ಷ ಕಾದಿದ್ದಳು. ಇನ್ನೊಂದು ನಿಮಿಷ ಕಾಯುವುದರಿಂದ ಅವಳಿಗೇನೂ ನಷ್ಟವಿರಲಿಲ್ಲ.

ಆ ಮನೆಯಲ್ಲಿ ಏಳು ತಲೆಮಾರಿನಿಂದ ಒಂದು ಪುಸ್ತಕವಿತ್ತು. ಮಗು ಹುಟ್ಟಿದರೆ ಮನೆಯ ಹಿರಿಯ ತನ್ನ ಕೈಯಾರೆ ಅದರಲ್ಲಿ ಹೆಸರು ಬರೆಯಬೇಕು: ಮೊದಲು ಆ ತಲೆಮಾರಿನಲ್ಲಿ ಹುಟ್ಟಿದ ಕ್ರಮದ ಅಂಕಿ, ಆಮೇಲೆ ಮನೆತನದ ಹೆಸರು, ಆಮೇಲೆ ಮಗುವಿನ ಹೆಸರು. ಪುಸ್ತಕದಲ್ಲಿ ಬರೆಯುವ ತನಕ ಮಗುವನ್ನು ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ, ಜನನ ನೋಂದಣಿಯ ಕಚೇರಿಗೂ ಹೋಗುವಂತಿಲ್ಲ. ಬೀಗದವಳ ತವರಿನ ರೀತಿಯೇ ಬೇರೆ. ಅಲ್ಲಿ ಮನೆತನದ ಹೆಸರೆಂಬುದೇ ಇಲ್ಲ. ತಾಯಿಯ ಹೆಸರು ಮುಂದೆ, ಮಗುವಿನ ಹೆಸರು ಹಿಂದೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಈ ವಿಷಯಕ್ಕೆ ಎಷ್ಟು ತಮಾಷೆ ಮಾಡಿಕೊಂಡಿದ್ದರು! "ಎರಡೂ ಸೇರಿಸಿ ಬರೆದ್ರೆ ಮಗು ಶಾಲೆಗೆ ಹೋಗೋ ಹೊತ್ತಿಗೆ ಹಾಜರಿ ಪುಸ್ತಕಾನೇ ಸಾಲಲ್ಲ," ಎನ್ನುತ್ತಿದ್ದ ಅವನು.

ಮಗು ಹುಟ್ಟುವ ಮೂರು ತಿಂಗಳ ಮುಂಚೆ ಅವನು ಜ್ವರದಲ್ಲಿ ತೀರಿಕೊಂಡ. ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಅವಳು ಪೆಟ್ಟಿಗೆಯ ಮುಂದೆ ನಿಂತಾಗ ಮಾವ ಮುಚ್ಚಳ ಹಾಕಿಬಿಟ್ಟಿದ್ದ. "ಹೆಣ್ಣು. ನಾಳೆ ಇನ್ನೊಬ್ಬರ ಹೆಸರು ಹೊತ್ಕೊಂಡು ಹೋಗೋದಕ್ಕೆ ನಮ್ಮ ಪುಸ್ತಕದಲ್ಲಿ ಸಾಲು ಯಾಕೆ?" ಅವಳು ಎದುರಾಡಿದಳು. ಒಂದು ಗಂಟೆಯೊಳಗೆ ಅವಳ ಬಟ್ಟೆಯ ಗಂಟು ಬೀದಿಗೆ ಬಿತ್ತು. ಅದರ ಹಿಂದೆಯೇ ಅವಳ ಹತಾರದ ಡಬ್ಬಿಯೂ ದಡದಡ ಉರುಳಿ ಬಿತ್ತು.

ಮಾವ ಮಾಡಿದ ತಪ್ಪು ಅಲ್ಲಿಯೇ ಇತ್ತು. ಮಾವನ ಬೀಗದ ಕಾರ್ಖಾನೆಯಲ್ಲಿ ಅವಳೂ ಕೆಲಸ ಮಾಡುತ್ತಿದ್ದಳು, ಆ ಪೆಟ್ಟಿಗೆಯ ಬೀಗ ಅವಳೇ ಮಾಡಿದ್ದು. ಕಳ್ಳರಿಗೆ ಜಗ್ಗದ ಬೀಗ ಬೇಕೆಂದು ಮಾವನೇ ಹೇಳಿ ಮಾಡಿಸಿದ್ದ. ಅವಸರದ ಕೈ, ಹೆದರಿದ ಕೈ ನಡುಗುತ್ತದೆ. ನಡುಗುವ ಕೈ ಕೀಲಿ ತಿರುಗಿಸಿದರೆ ಒಳಗೊಂದು ಕೊಂಡಿ ಬಿದ್ದು ಬೀಗ ಮುನಿಸಿಕೊಳ್ಳುತ್ತದೆ. ಮುನಿದ ಬೀಗಕ್ಕೆ ಆಮೇಲೆ ಅಸಲಿ ಕೀಲಿಯೂ ಹಿಡಿಸುವುದಿಲ್ಲ. ಅದನ್ನು ರಮಿಸುವುದಕ್ಕೆ ಬೇರೆಯದೇ ಎರಡನೇ ಕೀಲಿ ಬೇಕು. ಗಿರಾಕಿಗೆ ಒಪ್ಪಿಸುವ ತನಕ ಆ ಎರಡನೇ ಕೀಲಿ ಬೀಗ ಮಾಡಿದವರ ಹತಾರದ ಡಬ್ಬಿಯಲ್ಲಿರಬೇಕು ಎನ್ನುವುದು ಆ ಕಾರ್ಖಾನೆಯ ಪದ್ಧತಿ. ಮನೆಯ ಪೆಟ್ಟಿಗೆಗೆ ಗಿರಾಕಿ ಯಾರು? ಯಾರೂ ಇಲ್ಲ. ಕೀಲಿ ಡಬ್ಬಿಯಲ್ಲೇ ಉಳಿದಿತ್ತು. ಡಬ್ಬಿಯನ್ನು ಮಾವ ತಾನಾಗಿಯೇ ಬೀದಿಗೆಸೆದಿದ್ದ.

ಮುದುಕನ ಕೈ ನಡುಗಲು ಶುರುವಾಗಿದೆ ಎಂದು ಹೋದ ವರ್ಷ ಯಾರೋ ಹೇಳಿದ್ದರು. ಅವತ್ತು ಅವಳು ಆ ಕೀಲಿ ಹುಡುಕಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

"ಬಾರೇ," ಎಂದು ಮಗಳನ್ನು ಕರೆದಳು. ಹುಡುಗಿ ಅಂಗಡಿಯ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿತ್ತು. "ಕೈ ತೊಳ್ಕೊ. ನಿಂಗೂ ಅಲ್ಲಿ ಕೆಲಸ ಇದೆ."

ಮೈದುನ ತಡವರಿಸಿದ. "ಅವಳು ಯಾಕೆ ಅತ್ತಿಗೆ..."

"ಅವಳಿಲ್ದೇ ಆ ಬೀಗ ತೆಗೆಯಲ್ಲಪ್ಪ."

ನಡುಮನೆ ತುಂಬ ಕುರ್ಚಿ ಹಾಕಿದ್ದರು. ವಾರಗಿತ್ತಿ, ಇನ್ನೂ ಬಾಣಂತನದ ಸುಸ್ತು ಇಳಿಯದ ಹುಡುಗಿ, ಇಪ್ಪತ್ತಾರು ದಿನದ ಗಂಡುಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ದೊಡ್ಡಮ್ಮ, ಎಲ್ಲದರಲ್ಲೂ ಮೂಗು ತೂರಿಸುವ ಹೆಂಗಸು, ತಮ್ಮ ಕಡೆಯ ರೀತಿ ಹೇಳುತ್ತಿದ್ದಳು. "ನಮ್ಮಲ್ಲಿ ಮಗೂನ ಮೊದಲು ನಗಿಸಿದೋರ ಹೆಸರೇ ಮಗೂಗೆ. ನಂಗೆ ಹಾಲಿನವಳ ಹೆಸರು ಬಂದಿದ್ದು ಹಾಗೇನೇ. ನಮ್ಮಮ್ಮ ಸಾಯೋ ತನಕ ಆ ಹಾಲಿನವಳ ಮೇಲೆ ಉರೀತಿದ್ಲು!"

ಮಾವ ಪೆಟ್ಟಿಗೆಯ ಪಕ್ಕ ನಿಂತಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ನಡುಕ ಕಾಣದಿರಲೆಂದು.

"ಬಂದ್ಯಾ. ಬೇಗ ತೆಗಿ," ಎಂದ, ಕೂಲಿಯವರಿಗೆ ಹೇಳುವ ಹಾಗೆ.

ಅವಳು ಬಾಗಿ ಬೀಗದ ಬಾಯಿ ನೋಡಿದಳು. "ಮುನಿಸ್ಕೊಂಡಿದೆ. ಕಳ್ಳನ ಕೈ ತಾಗಿದ್ರೆ ಮಾತ್ರ ಹೀಗಾಗೋದು. ಬೀಗಕ್ಕೆ ನೀವು ಕಳ್ಳ ಅನ್ನಿಸಿರ್ಬೇಕು ಮಾವ."

ದೊಡ್ಡಮ್ಮ ಕಿಸಕ್ಕನೆ ನಕ್ಕಳು. ಮಾವ ನಗಲಿಲ್ಲ.

ಅವಳು ಬಟ್ಟೆ ಬಿಚ್ಚಿ ಎರಡನೇ ಕೀಲಿ ತೆಗೆದು ಹಾಕಿದಳು. ಒಂದು ಸುತ್ತು ಎಡಕ್ಕೆ, ಅರ್ಧ ಬಲಕ್ಕೆ. ಆಮೇಲೆ ಮಾವನ ಕೀಲಿ ಇಸಿದುಕೊಂಡು ತಿರುಗಿಸಿದಳು. ಬೀಗ ಎಣ್ಣೆಯಲ್ಲಿ ಜಾರಿದ ಹಾಗೆ ತೆರೆಯಿತು. ಮಾವ ಪುಸ್ತಕಕ್ಕೆ ಕೈ ಚಾಚುವಷ್ಟರಲ್ಲಿ ಅದು ಅವಳ ಕಂಕುಳಲ್ಲಿತ್ತು. ನಡುಮನೆಯ ಮೇಜಿನ ಮೇಲಿಟ್ಟು ಕೊನೆಯ ಪುಟ ಬಿಡಿಸಿದಳು. ಅಲ್ಲಿ ಅವಳ ಗಂಡನ ಹೆಸರಿತ್ತು, ಅದರ ಕೆಳಗೆ ಮೈದುನನದು. ಆಮೇಲೆ ಖಾಲಿ.

"ಒಂದನೇ ಅಂಕಿ ಇವಳದು. ಬರೀರಿ," ಎಂದು ಮಗಳ ಹೆಗಲ ಮೇಲೆ ಕೈಯಿಟ್ಟಳು.

"ಅಡುಗೆಮನೆಗೆ ಬಾ, ಮಾತಾಡೋಣ," ಎಂದ ಮಾವ ಹಲ್ಲು ಕಚ್ಚಿ.

"ನನ್ನ ಡಬ್ಬಿ ಎಸೆದಿದ್ದು ಬೀದೀಲಿ, ಎಲ್ಲರ ಮುಂದೆ. ಮಾತೂ ಎಲ್ಲರ ಮುಂದೇನೇ ಆಗ್ಲಿ."

ದೊಡ್ಡಮ್ಮನ ಕಿವಿ ನೆಟ್ಟಗಾಯಿತು. "ಈ ಹುಡುಗಿ ಯಾರು? ಪಾಪುನೇ ಈ ಮನೇಲಿ ಮೊದಲನೇ ಮೊಮ್ಮಗು ಅಂತ ಹೇಳಿದ್ರಲ್ಲ ನಮಗೆ?"

ಮೈದುನ ಬಾಲ ಸುಟ್ಟ ಬೆಕ್ಕಿನ ಹಾಗೆ ಬಾಗಿಲ ಕಡೆಗೆ ಸರಿದ.

"ಹೇಳಿ ಮಾವ, ಯಾರು?"

ಮುದುಕ ಗಂಟಲು ಸರಿಮಾಡಿಕೊಂಡ. "ಹಿರೀ ಮಗನ ಮಗಳು." ಆಮೇಲೆ ಏನೋ ದೊಡ್ಡ ಮನಸ್ಸು ಮಾಡಿದವನ ಹಾಗೆ ಪೆನ್ನು ಎತ್ತಿಕೊಂಡ. "ಆಯ್ತು. ಬರೀತೀನಿ. ಮನೆತನದ ಹೆಸರು ಹಾಕಿಯೇ ಬರೀತೀನಿ. ಸಾಕಾ?"

"ಅದು ಬೇಡ."

"ಬೇಡ್ವಾ?"

"ಅವತ್ತು ಬೇಕಿತ್ತು. ಇವತ್ತು ನಮ್ಮ ಕಡೆ ಹೇಗಿಡ್ತೀವೋ ಹಾಗೆ. ಮೊದಲು ನನ್ನ ಹೆಸರು, ಆಮೇಲೆ ಅವಳದು."

ಏಳು ತಲೆಮಾರಿನ ಪುಸ್ತಕದಲ್ಲಿ ಒಂದೇ ಒಂದು ಹೆಣ್ಣಿನ ಹೆಸರಿರಲಿಲ್ಲ. ಅತ್ತೆಯದೂ ಇರಲಿಲ್ಲ. ಮಾವ ಪುಸ್ತಕ ನೋಡಿದ, ಬೀಗರನ್ನು ನೋಡಿದ, ಅವಳ ಮುಷ್ಟಿಯಲ್ಲಿದ್ದ ಕೀಲಿಗಳನ್ನು ನೋಡಿದ. ಬೆನ್ನ ಹಿಂದಿದ್ದ ಎಡಗೈಯನ್ನೂ ತಂದು ಬಲಗೈಯನ್ನು ಹಿಡಿದುಕೊಳ್ಳಬೇಕಾಯಿತು. ಒಂದು ಎಂದು ಬರೆದ. ಅವಳ ಹೆಸರು ಬರೆದ. ಮಗಳ ಹೆಸರು ಬರೆದ. ಇರುವೆ ಮಸಿಯಲ್ಲಿ ಬಿದ್ದೆದ್ದು ನಡೆದ ಹಾಗಿತ್ತು ಸಾಲು.

ಹುಡುಗಿ ಬಗ್ಗಿ ನೋಡಿತು. "ತಾತ, ನಿಮ್ಮ ಅಕ್ಷರ ಒಂಚೂರೂ ಚೆನ್ನಾಗಿಲ್ಲ. ನಮ್ಮ ಮೇಷ್ಟ್ರು ಆಗಿದ್ರೆ ಇನ್ನೊಂದ್ಸಲ ಬರೆಸ್ತಿದ್ರು."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ಯಾರೋ ತಾತ ಎಂದು ಕರೆದಿದ್ದರು. ಮುದುಕನ ಮುಖದಲ್ಲಿ ಏನೋ ಅಲುಗಾಡಿತು. ಬೀಗದವಳು ಅದನ್ನು ಕಣ್ಣು ತುಂಬ ನೋಡಿದಳು. ಸೇಡು ತೀರಿದ ಮೇಲೆ ಬಾಯಿ ಕಹಿಯಾಗುತ್ತದೆ ಎಂದು ಕೇಳಿದ್ದಳು. ಅವಳಿಗೇನೋ ಸಿಹಿಯಾಗಿಯೇ ಇತ್ತು.

ಅವಳು ಅಂದುಕೊಂಡು ಬಂದಿದ್ದು ಇಷ್ಟೇ: ಮಗಳ ಹೆಸರು ಬರೆಸುವುದು, ಮರುಕ್ಷಣ ಪುಸ್ತಕವನ್ನು ಒಳಗಿಟ್ಟು ಮುಚ್ಚಳ ಹಾಕುವುದು. ಗಂಡು ಮೊಮ್ಮಗ ಹೆಸರಿಲ್ಲದೆ ಬಿದ್ದಿರಲಿ, ಮುದುಕ ಅದನ್ನು ದಿನಾ ನೋಡಲಿ. ಪುಸ್ತಕದ ಅಂಚು ಹಿಡಿದೂ ಆಗಿತ್ತು. ಆಗ ವಾರಗಿತ್ತಿ ಮಗುವನ್ನು ಎದೆಗೆ ಒತ್ತಿಕೊಂಡಳು. ಹಿಂದೆ ಇದೇ ಪೆಟ್ಟಿಗೆಯ ಮುಂದೆ ಇನ್ನೊಬ್ಬಳು ಹಾಗೆಯೇ ಒತ್ತಿಕೊಂಡು ನಿಂತಿದ್ದಳು.

ಬೀಗದವಳು ಪುಸ್ತಕವನ್ನು ಮತ್ತೆ ಮುದುಕನ ಕಡೆಗೆ ತಳ್ಳಿದಳು. "ಎರಡನೇದು ಬರೀರಿ."

"ಎರಡನೇದು" ಎನ್ನುವ ಮಾತನ್ನು ಅವಳು ಸಾಕಷ್ಟು ಜೋರಾಗಿಯೇ ಹೇಳಿದ್ದಳು. ಮುದುಕ ತನ್ನ ಮುದ್ದಿನ ಮೊಮ್ಮಗನ ಮುಂದೆ ಎರಡು ಎಂದು ಬರೆದ.

ಮಸಿ ಆರಿತು. ಅವಳೇ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು, ಮಾವನ ಕೀಲಿಯಿಂದ ಬೀಗ ಹಾಕಿದಳು. ಕೀಲಿ ಹೊರಗೆಳೆಯುವ ಮುಂಚೆ ಮಣಿಕಟ್ಟನ್ನು ಒಂಚೂರು ನಡುಗಿಸಿದಳು, ಥೇಟ್ ಮಾವನ ಹಾಗೆ. ಒಳಗೆ ಟಕ್ ಎಂದಿತು. ಬೀಗರೆಲ್ಲ ಮಗುವಿಗೆ ಅದರ ಹೊಸ ಹೆಸರು ಕೂಗಿ ಕೂಗಿ ಆಟವಾಡಿಸುತ್ತಿದ್ದರು. ಆ ಸದ್ದಿನ ಅರ್ಥ ಇಡೀ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಾಯಿತು.

ಮಾವ ಬಾಯಿ ತೆರೆದ. ಬೀಗರನ್ನು ನೋಡಿ ಮುಚ್ಚಿಕೊಂಡ.

"ನಿಮ್ಮ ಕೀಲಿ ನಿಮ್ಮ ಹತ್ರಾನೇ ಇರ್ಲಿ ಮಾವ," ಎಂದು ಅವಳು ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ನನ್ನದು ನನ್ನ ಹತಾರದ ಡಬ್ಬೀಲಿ ಇರುತ್ತೆ. ಅದೇ ಅಲ್ವಾ ನಮ್ಮ ಕಾರ್ಖಾನೆ ಪದ್ಧತಿ?"

ಬೀದಿಗಿಳಿದ ಮೇಲೆ ಮಗಳು ಕೇಳಿದಳು. "ಅಮ್ಮ, ಇನ್ನೊಂದ್ಸಲ ಇಲ್ಲಿಗೆ ಬರ್ತೀವಾ?"

"ನಿನ್ನ ಚಿಕ್ಕಮ್ಮಂಗೆ ಇನ್ನೂ ಚಿಕ್ಕ ವಯಸ್ಸು ಕಣೇ," ಎಂದಳು ಬೀಗದವಳು. "ಕಮ್ಮಿ ಅಂದ್ರೂ ಇನ್ನೆರಡು ಸಲ ಕರೀತಾರೆ."