ಮೂರನೆಯ ಬಕೆಟ್ಟು

“ಲೇ ಬೋಳಿಮಗನೇ, ಹಗ್ಗ ಕಾಣ್ತಿದೆಯಲ್ಲೋ! ಫೋಟೋದಲ್ಲಿ ಹಗ್ಗ ಬಿತ್ತೋ, ನಿನ್ನ ಚರ್ಮ ಸುಲಿದು ಚಪ್ಪಲಿ ಮಾಡಿಸ್ತೀನಿ!”

ಇಂಜಿನಿಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈದ. ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಇನ್ನೊಂದು ತುದಿ ರಸ್ತೆಯ ಕೆಳಗೆ, ಹನ್ನೆರಡು ಅಡಿ ಆಳದ ಒಳಚರಂಡಿ ಗುಂಡಿಯಲ್ಲಿ, ನನ್ನ ತಂಗಿಯ ಗಂಡ ಗಿಡ್ಡನ ಸೊಂಟಕ್ಕೆ ಕಟ್ಟಿತ್ತು.

“ಹಗ್ಗ ಬಿಟ್ರೆ ಅವ್ನ ಗತಿ ಏನ್ ಸಾರ್?”

“ಬಿಡು ಅಂದ್ನಾ? ಕಾಲಿಗೆ ಕಟ್ಕೊಂಡು ನಿಂತ್ಕೋ. ಮೇಲೆ ಕಾರ್ಪೆಟ್ ಎಳೀತಾರೆ.”

ಹೂಂ ಎಂದೆ. ಇಪ್ಪತ್ತೆರಡು ವರ್ಷ ಹೂಂ ಎಂದವನಿಗೆ ಬೇರೆ ಶಬ್ದ ಬಾಯಿಗೆ ಬರುವುದಿಲ್ಲ.

ಗುಂಡಿಯ ಬಾಯಿಗೆ ಹಳದಿ ಬಣ್ಣದ ಮಶೀನು ನಾಲ್ಕು ಕಾಲೂರಿ ನಿಂತಿತ್ತು. ಮನುಷ್ಯರು ಗುಂಡಿಗೆ ಇಳಿಯಬಾರದೆಂದು ಸರ್ಕಾರ ಕೋಟಿಗಟ್ಟಲೆ ಸುರಿದು ತರಿಸಿದ ಮಶೀನು. ಬಂದ ದಿನ ಅದರ ಕೈ ನಮ್ಮ ಗುಂಡಿಯೊಳಗೆ ಹೋಗಲೇ ಇಲ್ಲ. ಯಾವುದೋ ದೇಶದ ಗುಂಡಿಯ ಅಳತೆಗೆ ಮಾಡಿದ್ದಂತೆ. ಹಾರೆ ತಂದು ಗುಂಡಿಯ ಅಂಚು ಒಡೆದು ಅಗಲ ಮಾಡಿದವರು ನಾವೇ. ಒಳಗೆ ಹೋದ ಮೇಲೆ ಅದರ ಕ್ಯಾಮೆರಾಕ್ಕೆ ಹೇಲು ಮೆತ್ತಿ ಕಣ್ಣೇ ಹೋಯಿತು. ಬೆರಳುಗಳು ಹೂಳನ್ನು ಹಿಡಿದವು, ಅರ್ಧ ದಾರಿಯಲ್ಲಿ ಬಿಟ್ಟವು. ಆಮೇಲೆ ಎಂಟು ತಿಂಗಳು ಟಾರ್ಪಾಲಿನಡಿ ಮಲಗಿತ್ತು. ಅದರ ಹೊಟ್ಟೆಯಡಿ ಬೀದಿನಾಯಿಯೊಂದು ಆರು ಮರಿ ಹಾಕಿತು. ಆರು ಜೀವಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದು ಗಿಡ್ಡ ನಗುತ್ತಿದ್ದ.

ಕಾಗದದ ಮೇಲೆ ಮಾತ್ರ ಮಶೀನು ದಿನಾ ದುಡಿಯುತ್ತಿತ್ತು. ಕಾಗದದ ಮೇಲೆ ನಾವು ಯಾರೂ ಗುಂಡಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ನಮಗೆ ಕೊಡುತ್ತಿದ್ದ ಗವಸು, ಸೋಪು, ವಿಷಗಾಳಿ ಪರೀಕ್ಷಿಸುವ ಪೆಟ್ಟಿಗೆ ಎಲ್ಲವೂ ನಿಂತವು. “ಇಳಿಯೋರೇ ಇಲ್ಲ ಅಂದ್ಮೇಲೆ ಸೋಪು ಯಾರ ತಿಕ ತೊಳೆಯಕ್ಕೆ?” ಎಂದು ಸ್ಟೋರಿನವನು ಕೇಳಿದ್ದ. ನಾವು ಬರಿಗೈಯಲ್ಲಿ ಇಳಿಯುತ್ತಲೇ ಇದ್ದೆವು.

ಇವತ್ತು ಅದೇ ಮಶೀನಿನ ಉದ್ಘಾಟನೆ. ಮಂತ್ರಿ ಬರುವವನಿದ್ದ. ಬೆಳಗ್ಗೆಯೇ ಇಂಜಿನಿಯರು ನಮ್ಮನ್ನು ಕರೆದು ಉಪಾಯ ಹೇಳಿದ್ದ. ಮಶೀನಿನ ಬೆರಳು ಕಳಚಿ ಕೊಕ್ಕೆ ಹಾಕಿದ್ದಾರೆ, ಕೊಕ್ಕೆಗೆ ಬಕೆಟ್ಟು. ಗಿಡ್ಡ ಮೊದಲೇ ಒಳಗಿಳಿದು ಕಾದಿರಬೇಕು. ಖಾಲಿ ಬಕೆಟ್ಟು ಕೆಳಗೆ ಬಂದಾಗ ಹೂಳು ತುಂಬಿ ಕಳಿಸಬೇಕು. ಮೂರು ಬಕೆಟ್ಟು, ಮೂರು ಚಪ್ಪಾಳೆ. ಮಂತ್ರಿ ಹೋದ ಮೇಲೆ ಮಶೀನು ಸರಿಸಿ ಅವನನ್ನು ಎತ್ತಬಹುದು.

“ಪಕ್ಕದ ಗುಂಡಿ ಮುಚ್ಚಳಾನೂ ತೆಗೀಬೇಕು ಸಾರ್, ಗಾಳಿಯಾಡಕ್ಕೆ,” ಎಂದಿದ್ದೆ.

“ಅದರ ಮೇಲೇ ವೇದಿಕೆ ಹಾಕಿದೀವಿ. ಈಗ ನಿಮ್ಮಪ್ಪ ಬಂದು ತೆಗೀತಾನಾ? ಅರ್ಧ ಗಂಟೆ ಕೆಲಸಕ್ಕೆ ಏನ್ ನಾಟಕ ನಿಮ್ದು!”

ನಮ್ಮಲ್ಲಿ ಹಗ್ಗ ಹಿಡಿಯುವವನು ಇಳಿದವನ ನೆಂಟನೇ ಆಗಿರಬೇಕು. ಹೊರಗಿನವನಿಗೆ ಬೀಡಿಯ ನೆನಪಾಗುತ್ತದೆ, ತೂಕಡಿಕೆ ಬರುತ್ತದೆ. ತಂಗಿಯ ಬದುಕನ್ನೇ ಹಿಡಿದು ನಿಂತವನಿಗೆ ಬರುವುದಿಲ್ಲ. ಒಳಗಿನವನು ಒಂದು ಸಲ ಜಗ್ಗಿದರೆ ‘ಇದ್ದೀನಿ’ ಎಂದು. ಬಿಡದೆ ಜಗ್ಗಿದರೆ ‘ಎಳಿ’ ಎಂದು.

“ಗಿಡ್ಡ ಗಿಡ್ಡ ಅಂತ ಎಲ್ಲಾರೂ ಆಡ್ಕೊಂಡ್ರಲ್ಲ ಭಾವ, ನೋಡೀಗ, ಮಂತ್ರಿಗೇ ನಾನು ಬೇಕಾದೆ,” ಎನ್ನುತ್ತಾ ಗಿಡ್ಡ ಕಬ್ಬಿಣದ ಮೆಟ್ಟಿಲಿಳಿದಿದ್ದ. ಅವನ ನೆತ್ತಿಯ ಮೇಲೆ ಮಶೀನು ತಳ್ಳಿ ನಿಲ್ಲಿಸಿದ್ದರು.

ಮಂತ್ರಿ ಬಂದದ್ದು ಎರಡು ಗಂಟೆ ತಡವಾಗಿ. ಅಷ್ಟು ಹೊತ್ತೂ ನಾನು ಕಾಲು ಅಲ್ಲಾಡಿಸಿದಾಗಲೆಲ್ಲ ಕಾರ್ಪೆಟ್ಟಿನಡಿಯಿಂದ ಒಂದು ಜಗ್ಗು ಬರುತ್ತಿತ್ತು. ಇದ್ದೀನಿ.

ಮೊದಲ ಬಕೆಟ್ಟು ತುಂಬಿ ಬಂತು. ಚಪ್ಪಾಳೆ. ಎರಡನೆಯದೂ ಬಂತು. ಮಂತ್ರಿ ಮೂಗು ಮುಚ್ಚಿಕೊಂಡು ನಕ್ಕ. ಮೂರನೆಯದಕ್ಕೆ ಮೊದಲು ಭಾಷಣ ಎಂದರು.

ನನ್ನ ತಂಗಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ರಸ್ತೆ ಗುಡಿಸುವವಳಿಗೆ ಹೊಸ ಸಮವಸ್ತ್ರ ತೊಡಿಸಿ ಮೂರು ದಿನದಿಂದ ಎರಡು ಮಾತು ಬಾಯಿಪಾಠ ಮಾಡಿಸಿದ್ದರು.

“ನನ್ನ ಗಂಡ ಇನ್ಮೇಲೆ ಗುಂಡಿಗಿಳಿಯಲ್ಲ. ಈ ಮಶೀನು ನಮ್ಮನ್ನ ಮನುಷ್ಯರನ್ನಾಗಿ ಮಾಡ್ತು.” ಅವಳ ಕಣ್ಣು ಗುಂಡಿಯ ಮೇಲೇ ಇತ್ತು.

“ನಗ್ತಾ ಹೇಳಮ್ಮಾ,” ಎಂದ ಫೋಟೋದವನು. ನಗುತ್ತಾ ಇನ್ನೊಮ್ಮೆ ಹೇಳಿದಳು.

ಅಷ್ಟರಲ್ಲಿ ಮಂತ್ರಿಯ ಮುಖಕ್ಕೆ ಬಿಸಿಲು ಬಿತ್ತು. ನಾಲ್ಕು ಜನ ಓಡಿಬಂದು ಅವನ ಸೋಫಾ ಎತ್ತಿ ಕಾರ್ಪೆಟ್ಟಿನ ಈಚೆ ತುದಿಯ ಮೇಲೆ, ನೆರಳಿಗೆ ಇಟ್ಟರು. ಅವನು ಕೂತ. ನನ್ನ ಕಾಲಿನ ಹಗ್ಗ ಬಿಗಿಯಾಯಿತು. ಹಗ್ಗ ಸಡಿಲವಾದರೆ ಹೆದರಬೇಕು, ಬಿಗಿಯಾಗಿದ್ದರೆ ಆ ತುದಿಯಲ್ಲಿ ಮನುಷ್ಯ ನಿಂತಿದ್ದಾನೆ ಎಂದರ್ಥ. ಹಗ್ಗ ಹಿಡಿದವರಿಗೆಲ್ಲ ಗೊತ್ತಿರುವ ಮಾತಿದು. ಗಿಡ್ಡ ಸುಸ್ತಾಗಿ ಹಗ್ಗಕ್ಕೆ ಒರಗಿದ್ದಾನೆ ಎಂದುಕೊಂಡು ನೆಮ್ಮದಿಯಾಗಿ ನಿಂತೆ. ಮಶೀನಿನ ಕಂಪನಿಯವನ ಭಾಷಣ ಇಪ್ಪತ್ತು ನಿಮಿಷ ನಡೆಯಿತು.

ಮೂರನೆಯ ಬಕೆಟ್ಟು ಇಳಿಯಿತು. ಸ್ವಲ್ಪ ಹೊತ್ತು ಕೆಳಗೇ ಇತ್ತು. ಮೇಲೆ ಬಂದಾಗ ಅದರಲ್ಲಿ ಏನೂ ಇರಲಿಲ್ಲ.

ಇಂಜಿನಿಯರು ಮೈಕು ಕಿತ್ತುಕೊಂಡ. “ನೋಡಿ ಸಾರ್! ಬಕೆಟ್ ಖಾಲಿ! ಅಂದ್ರೆ ಗುಂಡಿ ಪೂರ್ತಿ ಕ್ಲೀನು!”

ಚಪ್ಪಾಳೆಯೋ ಚಪ್ಪಾಳೆ. ಮಂತ್ರಿ ಎದ್ದು ನಿಂತು ತಟ್ಟಿದ. ಅವನು ಎದ್ದದ್ದೇ ನನ್ನ ಕಾಲಿನ ಹಗ್ಗ ಸಡಿಲವಾಯಿತು. ತಿರುಗಿ ನೋಡಿದೆ. ಕಾರ್ಪೆಟ್ಟಿನಡಿಯ ಹಗ್ಗದ ಮೇಲೆ ಸೋಫಾದ ಕಾಲಿತ್ತು. ಇಪ್ಪತ್ತು ನಿಮಿಷದಿಂದ ಮಂತ್ರಿಯ ಭಾರವನ್ನು ನಾನು ಗಿಡ್ಡನ ಜೀವ ಎಂದು ತಿಳಿದಿದ್ದೆ.

ಸೋಫಾ ಒದ್ದು ಕಾರ್ಪೆಟ್ಟು ಕಿತ್ತೆಸೆದು ಹಗ್ಗ ಎಳೆದೆ. ಭಾರವಿತ್ತು, ಉತ್ತರವಿರಲಿಲ್ಲ. ಇಂಜಿನಿಯರು ಬಂದು ನನ್ನ ಕತ್ತಿನ ಪಟ್ಟಿ ಹಿಡಿದು ಕಿವಿಯಲ್ಲಿ ಹೇಳಿದ:

“ಐದ್ ನಿಮಿಷ ತಡ್ಕೊಳ್ಳೋ ಸೂಳೇಮಗನೇ. ಮಂತ್ರಿಗಳು ಕಾರು ಹತ್ತಲಿ.”

ತಂಗಿ ವೇದಿಕೆಯಿಂದ ಹಾರಿ ಬಂದು ಮಶೀನಿಗೆ ಹೆಗಲು ಕೊಟ್ಟಳು. ಗುಡಿಸುವ ನಮ್ಮ ಹೆಂಗಸರೆಲ್ಲ ನುಗ್ಗಿದರು. ಮಶೀನು ಒಂದು ಮಗ್ಗುಲಿಗೆ ಉರುಳಿ ಅದರ ಗಾಜೆಲ್ಲ ಪುಡಿಯಾಯಿತು. ಗಿಡ್ಡ ಮೇಲೆ ಬಂದ. ಬಾಯಿ, ಮೂಗಿನ ತುಂಬ ಹೂಳು. ಎರಡೂ ಅಂಗೈಯ ಚರ್ಮ ಹಗ್ಗಕ್ಕೆ ಉಜ್ಜಿ ಕಿತ್ತುಬಂದಿತ್ತು. ಎಷ್ಟು ಸಲ ಜಗ್ಗಿದ್ದನೋ.

ಮಂತ್ರಿಯ ಕಾರು ಹೊರಟುಹೋಗಿತ್ತು.

“ಇವ್ನು ನಮ್ಮೋನಲ್ಲ,” ಎಂದ ಇಂಜಿನಿಯರು. “ಕುಡ್ದು ಬಿದ್ದಿದಾನೆ. ಗುಂಡಿಗೆ ಯಾರೂ ಇಳಿಯಲ್ಲ ಅಂತ ಇವ್ನ ಹೆಂಡ್ತೀನೇ ಮೈಕಲ್ಲಿ ಹೇಳಿದಾಳೆ. ಎತ್ತಿ ಆಚೆ ಹಾಕ್ರೋ.”

ತಂಗಿ ಅಳಲಿಲ್ಲ. “ಅಣ್ಣಾ, ಕಾಲು ಹಿಡ್ಕೋ,” ಎಂದಳು. ಇಬ್ಬರೂ ಎತ್ತಿದೆವು. ಸೋಫಾ ನೆಟ್ಟಗೆ ನಿಲ್ಲಿಸಿ, ಮಂತ್ರಿ ಕೂತಿದ್ದ ಬಿಳಿ ಬಟ್ಟೆಯ ಮೇಲೆ ಗಿಡ್ಡನನ್ನು ಕೂರಿಸಿದೆವು. ಆಮೇಲೆ ನಾವೆಲ್ಲ ಅವನ ಎದುರಿಗೆ ನೆಲದ ಮೇಲೆ ಕೈಕಟ್ಟಿ ಕೂತೆವು.

“ಎತ್ರೋ!” ಎಂದು ಇಂಜಿನಿಯರು ಡ್ರೈವರನಿಗೆ ಕೂಗಿದ. ಅವನು ಹಿಂದೆ ಸರಿದ. ಕಾವಲಿನವನೂ ಸರಿದ, ಮಶೀನಿನ ಕಂಪನಿಯವನೂ ಸರಿದ. ಅವರ ಹೇಲು, ಅವರ ಸತ್ತ ನಾಯಿ, ಅವರು ಕದ್ದು ಮೋರಿಗೆಸೆದ ಕೂಸುಗಳು, ಇಷ್ಟು ವರ್ಷ ಎಲ್ಲವನ್ನೂ ಎತ್ತಿದ್ದು ನಮ್ಮ ಕೈ. ಬೇರೆಯವರ ಕೈಗೆ ಅಭ್ಯಾಸವಿರಲಿಲ್ಲ.

ಇಂಜಿನಿಯರನ ದನಿ ಇಳಿಯಿತು. “ನೋಡಪ್ಪಾ, ಅಧಿಕಾರಿಗಳ ಊಟ ಇದೇ ನೆರಳಲ್ಲಿದೆ. ಎಲ್ಲಾ ಬರೋ ಹೊತ್ತಾಯ್ತು. ಎತ್ತಪ್ಪಾ. ಕೈಮುಗೀತೀನಿ.”

“ನೀನೇ ಎತ್ತು,” ಎಂದಳು ತಂಗಿ. ಅವನನ್ನು ನಮ್ಮಲ್ಲಿ ಯಾರೂ ನೀನು ಎಂದದ್ದಿರಲಿಲ್ಲ. “ಮುಟ್ಟು. ಮುಟ್ಟಿ ಎತ್ತು.”

ಅವನು ಎರಡು ಹೆಜ್ಜೆ ಮುಂದಿಟ್ಟು ಕೈ ಚಾಚಿದ. ಗಿಡ್ಡನ ತಲೆ ವಾಲಿ, ಬಾಯಿಂದ ಕಪ್ಪುನೀರು ಬಿಳಿ ಬಟ್ಟೆಯ ಮೇಲೆ ಸುರಿಯಿತು. ಇಂಜಿನಿಯರು ಅಲ್ಲೇ ಬಗ್ಗಿ ತನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು, ಅದನ್ನು ಬಳಿಯಲು ಯಾರನ್ನು ಕರೆಯಲಿ ಎಂದು ಸುತ್ತ ನೋಡಿದ.

ನಮ್ಮಲ್ಲಿ ಯಾರೂ ಏಳಲಿಲ್ಲ.