ಕಪಾಟಿನ ಹಿಂದಿನ ಹಳದಿ

ಬೆಳಗಿನಿಂದ ಬ್ಲಾಜೆನಾ ಅಡುಗೆಮನೆಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಚೆಕ್ ದೇಶದ ಬ್ರ್ನೋ ನಗರದ ಅಂಚಿನ ಈ ಮಾದರಿ ಮನೆಯನ್ನು ೧೯೨೮ರಲ್ಲಿ ಹೇಗಿತ್ತೋ ಹಾಗೆಯೇ ಮತ್ತೆ ಸಜ್ಜು ಮಾಡಿ ಇವತ್ತು ಜನರಿಗೆ ತೆರೆದಿದ್ದರು. ಗೋಡೆಗಳ ಮೊದಲ ಬಣ್ಣ ಯಾವುದೆಂದು ಕೆರೆದು ಹುಡುಕಿದವಳು ಅವಳೇ. ಅಡುಗೆಮನೆಗೆ ಹಳದಿ ಎಂದಿದ್ದಳು. ಕಪಾಟಿನ ಹಿಂದೆ, ಯಾರ ಕೈಯೂ ತಾಗದ ಜಾಗದಲ್ಲಿ, ಗಾರೆಗೆ ಅಂಟಿಕೊಂಡಿದ್ದ ಪದರ ಅದು. ಆದರೆ ಅದೊಂದೇ ಕಡೆ ಕೆರೆದಿದ್ದಳು.

ಕಳೆದ ಗುರುವಾರ, ಹಳೇ ಕಟ್ಟಡಗಳ ದುರಸ್ತಿ ಕಲಿಸುವ ಸಂಜೆ ತರಗತಿಯಲ್ಲಿ, ಮೇಷ್ಟ್ರು ಮಾತಿನ ನಡುವೆ ಅಂದಿದ್ದರು: "ಆಗಿನ ಪೇಂಟರುಗಳು ಬಣ್ಣ ಕಲಸಿ ಮೊದಲು ಕಪಾಟು ಬರೋ ಜಾಗದಲ್ಲೇ ಬಳಿದು ನೋಡೋರು. ಹೇಗೂ ಮುಚ್ಚಿಹೋಗುತ್ತಲ್ಲ!" ಎಲ್ಲರೂ ನಕ್ಕರು. ಬ್ಲಾಜೆನಾ ನಗಲಿಲ್ಲ; ತನ್ನ ಹಳದಿಯೂ ಹಾಗೆ ಬಳಿದು ನೋಡಿದ್ದೇ ಆಗಿದ್ದರೆ?

"ಸುಮ್ನೆ ತಲೆ ಕೆಡಿಸ್ಕೋಬೇಡಮ್ಮ," ಎಂದ ಕೆಲಸದ ಉಸ್ತುವಾರಿ ಓಟಾಕರ್, ಇವತ್ತು ಬಾಗಿಲಲ್ಲಿ ಅವಳ ಅನುಮಾನ ಕೇಳಿ. "ವ್ಲಾಸ್ತಾ ಅಜ್ಜಿ ಬರ್ತಾರೆ. ಹುಟ್ಟಿ ಬೆಳೆದದ್ದೇ ಈ ಮನೇಲಿ. ಅವರು ಹೂಂ ಅಂದ್ರೆ ಮುಗೀತು."

ಅಜ್ಜಿ ಕೋಲೂರಿಕೊಂಡು ಬಂದರು. ಗೋಡೆ ನೋಡಿದವರೇ ಕಣ್ಣು ತುಂಬಿಕೊಂಡರು. "ಇದೇ ಕಣೇ! ಇದೇ ಹಳದಿ! ನಮ್ಮಮ್ಮ ಇಲ್ಲೇ ನಿಂತು ಹಿಟ್ಟು ನಾದ್ತಿದ್ಲು."

ಬ್ಲಾಜೆನಾ ಉಸಿರುಬಿಟ್ಟಳು. ಅಜ್ಜಿ ನಲ್ಲಿಯನ್ನು ಸವರಿದರು. "ಈ ನಲ್ಲೀನೂ ಅದೇ. ನನ್ನ ಹಲ್ಲು ಮುರಿದದ್ದು ಇದಕ್ಕೇ ಬಡಿದು!"

ಆ ನಲ್ಲಿಯನ್ನು ಓಟಾಕರ್ ಹೋದ ವರ್ಷ ಗುಜರಿ ಅಂಗಡಿಯಲ್ಲಿ ಆರಿಸಿ ತಂದಿದ್ದ.

ಬ್ಲಾಜೆನಾ ಕೈಚೀಲದಿಂದ ಬ್ಲೇಡು ತೆಗೆದಳು. "ಅಜ್ಜೀ, ಈ ಟಾರ್ಚ್ ಸ್ವಲ್ಪ ಹಿಡೀತೀರಾ?"

"ಏಯ್, ಜನ ಇದ್ದಾರೆ! ಹುಚ್ಚು ಹಿಡೀತಾ ನಿಂಗೆ?" ಓಟಾಕರ್ ಹಲ್ಲು ಕಚ್ಚಿ ಗದರಿದ.

ಬ್ಲಾಜೆನಾ ಕೆರೆಯತೊಡಗಿದಳು. ಕಿಟಕಿಯ ಪಕ್ಕದಲ್ಲಿ ಹೊಸ ಹಳದಿ ಉದುರಿತು. ಅದರಡಿ ಸುಣ್ಣದ ಬಿಳಿ, ಅದರಡಿ ಹಸಿರು. ಕೊನೆಗೆ ಗಾರೆಗೆ ಅಂಟಿಕೊಂಡು ತಿಳಿಬೂದು. ಬಾಗಿಲ ಪಕ್ಕದಲ್ಲೂ ಕೆರೆದಳು. ಅಲ್ಲೂ ಬೂದು.

ಅಜ್ಜಿ ಬಗ್ಗಿ ನೋಡಿದರು. "ಅಯ್ಯೋ, ಹೌದಲ್ಲೇ! ಇದೇ ಬೂದು! ಈಗ ನೆನಪಾಯ್ತು ನೋಡು."

ಓಟಾಕರ್ ಹಣೆ ಚಚ್ಚಿಕೊಂಡ. "ಇಷ್ಟು ಜನ ಹಳದೀನ ಹೊಗಳಿದ್ರು ಕಣೇ! ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಗೊತ್ತಾಗ್ತಿತ್ತು," ಎಂದಳು ಬ್ಲಾಜೆನಾ. 'ಮೂಲ ಬಣ್ಣ' ಎಂದಿದ್ದ ಫಲಕವನ್ನು ತೆಗೆದು, ತಿರುವಿ, ಪೆನ್ಸಿಲ್‌ನಲ್ಲಿ ಬರೆದಳು: 'ಹಳದಿ ನನ್ನ ತಪ್ಪು. ಕಿಟಕಿಯ ಪಕ್ಕ ನೋಡಿ.' ಮತ್ತೆ ಅದೇ ಮೊಳೆಗೆ ತೂಗುಹಾಕಿದಳು.

ಮನಸ್ಸು ಹಗುರಾಗಬೇಕಿತ್ತು. ಆದರೆ ಕಣ್ಣು ಆಗಲೇ ಪಕ್ಕದ ಕೋಣೆಯ ನೀಲಿ ಗೋಡೆಯ ಮೇಲೆ ಹೋಗಿತ್ತು. ಅಲ್ಲೂ ಅವಳು ಕೆರೆದದ್ದು ಬೀರುವಿನ ಹಿಂದೆಯೇ.

"ಅಜ್ಜೀ," ಎಂದಳು, "ಟಾರ್ಚ್ ಆರಿಸಬೇಡಿ."