ಕಂಪ್ಯೂಟರಿಗೆ ಆಯುಧಪೂಜೆ

ಇದ್ದದ್ದನ್ನು ಇಲ್ಲವೆನ್ನುವ ಯಂತ್ರದ ಜೊತೆ ಏನೆಂದು ವಾದ ಮಾಡುವುದು? ನಾಗಮಣಿಗೆ ಬೆಳಿಗ್ಗೆಯಿಂದ ಅದೇ ತಿಳಿಯುತ್ತಿರಲಿಲ್ಲ. ಅವಳು ಕೆಲಸಕ್ಕಿದ್ದದ್ದು ತಾಳವಾಡಿಯ ಒಂದು ಸ್ಟುಡಿಯೋದಲ್ಲಿ, ಮದುವೆ ವೀಡಿಯೋ ಮಿಕ್ಸಿಂಗಿಗೆ. ಆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಅಂದರೆ ತೆರೆಗೆ ಚಿತ್ರ ಕಳಿಸುವ ಹಲಗೆ, ಕಣ್ಣೆದುರಿಗೇ ಇತ್ತು. ಅದರ ಪುಟ್ಟ ಫ್ಯಾನು ಗಿರ್ರನೆ ತಿರುಗುತ್ತಲೂ ಇತ್ತು. ಕಂಪ್ಯೂಟರು ಮಾತ್ರ ಅಂಥದ್ದೊಂದು ನನ್ನ ಹೊಟ್ಟೆಯಲ್ಲಿ ಇಲ್ಲವೇ ಇಲ್ಲವೆಂದು ಹಟ ಹಿಡಿದಿತ್ತು.

ತೆರೆಯ ವಯರನ್ನು ಕಾರ್ಡಿಗೆ ಚುಚ್ಚಿದರೆ ತೆರೆ ಕಪ್ಪು. ಕಾರ್ಡು ಕೂರುವ ಮೂಲ ಬೋರ್ಡಿಗೆ ಚುಚ್ಚಿದರೆ ಚಿತ್ರ ಬರುತ್ತಿತ್ತು, ಮಿಕ್ಸಿಂಗ್ ಪ್ರೋಗ್ರಾಮು ತೆರೆಯುತ್ತಿರಲಿಲ್ಲ. ಸತ್ಯಮಂಗಲದ ಮೆಕ್ಯಾನಿಕ್ ಮುರುಗನ್ ಫೋನಿನಲ್ಲಿ ತಮಿಳಲ್ಲಿ ಹೇಳಿಕೊಟ್ಟಂತೆ ಸಿ.ಡಿ. ಹಾಕಿ ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತುಂಬಿಸಿದಳು. ಕಾರ್ಡನ್ನು ಮೇಲಿನಿಂದ ಅದುಮಿದಳು. ಅದನ್ನು ಕಿತ್ತು ನೋಡಮ್ಮ ಅಂದದ್ದಕ್ಕೆ ಮಾತ್ರ ಅವಳ ಕೈ ಏಳಲಿಲ್ಲ. ಕಿತ್ತದ್ದರಿಂದಲೇ ಇಷ್ಟೆಲ್ಲ ಆದದ್ದು.

ನಿನ್ನೆ ಆಯುಧಪೂಜೆಯ ದಿನ ಯಜಮಾನ ಮಾದೇವಸ್ವಾಮಿ ಮಾವನ ಮನೆಗೆ ಹೋಗುತ್ತ ಪೂಜೆಯನ್ನು ಇವಳ ತಲೆಗೆ ಕಟ್ಟಿದ್ದ. ನಾಗಮಣಿ ಧೂಳು ಹೊಡೆಯಲೆಂದು ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಪೂಜೆಗೆಂದು ದೊಡ್ಡಗಾಜನೂರಿನಿಂದ ಅವ್ವ ಚೌಡಮ್ಮನನ್ನು ಕರೆಸಿ, ತಾನು ಹೂವು ತರಲು ಹೋಗಿದ್ದಳು. ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಅವ್ವ ಫ್ಯಾನಿಗೆ ಇಟ್ಟಿದ್ದ ಕುಂಕುಮ ನೋಡಿ ನಕ್ಕು, ಮಬ್ಬಿನಲ್ಲೇ ಕಾರ್ಡನ್ನು ಸಿಕ್ಕಿಸಿದ್ದಳು.

ಮಾದೇವಸ್ವಾಮಿ ಇವತ್ತು ಹಾಸನೂರಿಗೆ ಶೂಟಿಂಗಿಗೆ ಹೋಗುವ ಮುಂಚೆ ಕೂಗಾಡಲೂ ಇಲ್ಲ. ಸಾಯಂಕಾಲದೊಳಗೆ ಸರಿಹೋಗದಿದ್ದರೆ ಕಂಪ್ಯೂಟರು ರಿಪೇರಿಗೆ ಚಾಮರಾಜನಗರಕ್ಕೆ ಹೋಗುತ್ತದೆ, ನೀನು ನಾಳೆಯಿಂದ ಬರಬೇಡ ಅಂದ, ಅಷ್ಟೆ. ಬರದಿದ್ದರೆ ಎಲ್ಲಿಗೆ? ಅವ್ವನ ಜೊತೆ ಕೋಸಿನ ಹೊಲಕ್ಕೆ. ಕೂಲಿ ಕೀಳಲ್ಲ, ನಾಗಮಣಿಗೂ ಗೊತ್ತಿತ್ತು. ಆದರೆ ಈ ಕುರ್ಚಿಯನ್ನು ಅವಳು ಪ್ರಾಣದಂತೆ ಪ್ರೀತಿಸುತ್ತಿದ್ದಳು.

ಮಧ್ಯಾಹ್ನ ಚೌಡಮ್ಮ ಮುದ್ದೆ ತಂದಾಗ ಮಗಳ ಕಣ್ಣು ಕೆಂಪಾಗಿತ್ತು. ಪೂಜೆಯಲ್ಲೇ ಏನೋ ಐಬಾಗಿದೆ ಅಂದಳು ನಾಗಮಣಿ, ಬೇರೇನೂ ತೋಚದೆ. ಚೌಡಮ್ಮನಿಗೆ ಸಿಟ್ಟು ಬಂತು.

"ಪೂಜ ಸರಿಯಾಗೇ ಮಾಡಿವ್ನಿ ಕಣವ್ವ. ಗಂಧ ತೇದು ಅಲ್ಲಿಗೇ ಇಟ್ಟಿವ್ನಿ."

"ಯಾವ ಹಲ್ಲು?"

"ಚಿನ್ನದಂಗೆ ಸಾಲಾಗಿ ಅವಲ್ಲ, ಅವು. ಕುಡ್ಲು ಪೂಜಲಿ ಅಲ್ಲಿಗೆ ತಾನೆ ಇಡದು? ಮರದ ಇಡಿಗೆ ಯಾರಾರ ಗಂಧ ಇಟ್ಟರಾ?"

ನಾಗಮಣಿ ತಟ್ಟನೆ ಎದ್ದಳು. ಸ್ವಿಚ್ಚು ಆರಿಸಿ ಕಾರ್ಡನ್ನು ಕಿತ್ತಳು. ಸಾಲು ಹಲ್ಲುಗಳ ಮೇಲೆ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ಕುಡುಗೋಲಿನ ಹಲ್ಲು ಪೈರನ್ನು ಕಚ್ಚುವಂತೆ ಈ ಹಲ್ಲು ಬೋರ್ಡನ್ನು ಕಚ್ಚಬೇಕಿತ್ತು. ಗಂಧ ನಡುವೆ ಕೂತು ಕಚ್ಚಲು ಬಿಟ್ಟಿರಲಿಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದನ್ನೇ ಹಗುರವಾಗಿ ತಿಕ್ಕಿದಳು, ಬೋರ್ಡಿನ ಸೀಳಿಗೆ ಬ್ರಷ್ ಆಡಿಸಿದಳು. ಚೌಡಮ್ಮ ಮುದ್ದೆಯ ಪಾತ್ರೆ ಹಿಡಿದುಕೊಂಡೇ ಮಗಳ ಬೆರಳುಗಳನ್ನು ನೋಡುತ್ತಿದ್ದಳು. ತಾನು ಏನು ಮಾಡಿಟ್ಟೆನೆಂದು ಅವಳಿಗೆ ಆಗ ಹೊಳೆಯಿತು.

ಕಾರ್ಡನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದರೆ ತೆರೆ ಬೆಳಗಿತು. ಮಿಕ್ಸಿಂಗ್ ತೆರೆಯಿತು. ನಾಗಮಣಿ ನಗುತ್ತ ಅಳುತ್ತ ಮುದ್ದೆ ಉಂಡಳು. ಚೌಡಮ್ಮ ಊರಿಗೆ ಹೋಗದೆ ಮೂಲೆಯಲ್ಲೇ ಕೂತಳು.

ಸಂಜೆ ಬಂದ ಮಾದೇವಸ್ವಾಮಿ ತೆರೆ ನೋಡಿ ಏನಾಗಿತ್ತು ಎಂದ. ಚೌಡಮ್ಮ ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ನಾಗಮಣಿ ಧೂಳು ಕೂತಿತ್ತು ಎಂದಳು. ಅವನು ನಂಬಿದ. ಪೂಜೆ ಮಾಡಿದ್ದಕ್ಕೇ ಉಳಿದುಕೊಂಡಿತು, ಮುಂದಿನ ವರ್ಷವೂ ಬಂದು ನೀನೇ ಮಾಡಬೇಕು ಎಂದು ಚೌಡಮ್ಮನಿಗೆ ಅಪ್ಪಣೆ ಕೊಟ್ಟ.

ಚೌಡಮ್ಮ ಸೆರಗು ಹೊದ್ದುಕೊಂಡಳು.

"ಮಾಡ್ತೀನಿ ಬುದ್ದಿ. ಗಂಧವ ಇವಳ ಕೈಗೇ ಇಟ್ಟುಬುಡ್ತೀನಿ. ನಿಮ್ಮ ಮಿಷಿನ್ ಅಲ್ಲು ಅಂದ್ರ ಆ ಕೈಯೇ."